ಆಳಂದಿ ರಸ್ತೆಯ ಸಂಗಮ

ಆಷಾಢ ಏಕಾದಶಿಯ ಹೊತ್ತಿಗೆ ಪಂಢರಪುರ ಸೇರಬೇಕೆಂದು ಸಂತ ಜ್ಞಾನೇಶ್ವರರ ಪಾಲಕಿ ಆಳಂದಿಯಿಂದ ಹೊರಡುತ್ತದೆ. ತಾಳ ಹಿಡಿದವರು, ಮೃದಂಗ ಕಟ್ಟಿಕೊಂಡವರು, ತಲೆಯ ಮೇಲೆ ತುಳಸಿ ಹೊತ್ತವರು ದಿಘಿ ದಾಟಿ, ವಿಶ್ರಾಂತವಾಡಿ ಹಾದು ಪುಣೆಯೊಳಗೆ ಬರುತ್ತಾರೆ. ಊರು ಕೇಳುವುದಿಲ್ಲ, ಕುಲ ಕೇಳುವುದಿಲ್ಲ. ಎದುರಾದವರನ್ನೆಲ್ಲ 'ಮಾವುಲಿ' ಎಂದು, ಅಂದರೆ ತಾಯಿ ಎಂದು ಕರೆಯುತ್ತಾರೆ. ಅವರು ನಡೆದುಬರುವ ಆಳಂದಿ ರಸ್ತೆಯಲ್ಲಿಯೇ, ವಿಶ್ರಾಂತವಾಡಿಯ ಬಳಿ, ಇನ್ನೊಂದು ಬಗೆಯ ಯಾತ್ರಿಕರ ತಂಗುದಾಣವಿದೆ. ಅಲ್ಲಿಗೆ ಬರುವವರು ಹೆಗಲಿಗೆ ಚೀಲ, ಕೊರಳಿಗೆ ಸ್ಕಾರ್ಫು ಹಾಕಿಕೊಂಡ ಹುಡುಗಿಯರು. ಕೀನ್ಯಾದಿಂದ, ಆಸ್ಟ್ರೇಲಿಯಾದಿಂದ, ಜಪಾನಿನಿಂದ, ನಮ್ಮ ಹಳ್ಳಿ ಪಟ್ಟಣಗಳಿಂದ ಬರುವವರು. ಆ ಮನೆಯ ಹೆಸರು ಸಂಗಮ. ಗೈಡ್ ಚಳವಳಿಯ ವಿಶ್ವ ಕೇಂದ್ರಗಳಲ್ಲಿ ಏಷ್ಯಾ ಖಂಡಕ್ಕೆ ದಕ್ಕಿರುವುದು ಇದೊಂದೇ.

1966ರ ಅಕ್ಟೋಬರ್ 16ರಂದು ಬಾಗಿಲು ತೆರೆದ ಈ ಮನೆಗೆ 2026ರಲ್ಲಿ ಅರವತ್ತು ತುಂಬುತ್ತದೆ. ನಮ್ಮಲ್ಲಿ ಅರವತ್ತಾದವರಿಗೆ ಷಷ್ಟಿಪೂರ್ತಿ ಮಾಡುತ್ತೇವೆ. ಆ ದಿನ ಬಂಧುಬಳಗ ಕೂಡಿ ಹಿರಿಯರ ಬದುಕನ್ನು ಮೊದಲಿನಿಂದ ನೆನೆಯುತ್ತದೆ. ಈ ಲೇಖನವೂ ಅಂಥದೇ ನೆನಕೆ. ಸಂಗಮದಲ್ಲಿ ಏನೇನು ನೋಡಬಹುದು ಎಂದು ಹೇಳುವ ಮುನ್ನ, ಈ ಬಾಗಿಲು ತೆರೆಯುವುದಕ್ಕೆ ಮೊದಲು ಎಷ್ಟು ಬಾಗಿಲುಗಳು ಮುಚ್ಚಿದ್ದವು ಎಂಬುದನ್ನು ಹೇಳಬೇಕು. ಶಿಬಿರದ ನೆಲವೊಂದರ ಹಿರಿಮೆಯನ್ನು ನಾನು ಅಳೆಯುವುದು ಒಂದೇ ಮಾತಿನಿಂದ: ಅದು ಯಾರನ್ನು ಒಳಗೆ ಕರೆಯಿತು?

ಬಾಗಿಲ ಹೊರಗಿದ್ದ ಮಕ್ಕಳು

ಭಾರತದ ಮೊದಲ ಸ್ಕೌಟ್ ದಳ ಕಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಬೇಡನ್ ಪೊವೆಲ್ ಇಂಗ್ಲೆಂಡಿನಲ್ಲಿ ಚಳವಳಿ ಆರಂಭಿಸಿ ಹೆಚ್ಚು ಕಾಲವಾಗಿರಲಿಲ್ಲ. 1909ರಲ್ಲಿ ಕ್ಯಾಪ್ಟನ್ ಟಿ. ಎಚ್. ಬೇಕರ್ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ದಳ ಕಟ್ಟಿ ಲಂಡನ್ನಿನ ಕಚೇರಿಯಲ್ಲಿ ನೋಂದಾಯಿಸಿದರು. ಮುಂದಿನ ಎರಡು ವರ್ಷಗಳಲ್ಲಿ ಕಂಟೋನ್ಮೆಂಟುಗಳಿದ್ದ ಕಡೆ, ಗಿರಿಧಾಮಗಳಿದ್ದ ಕಡೆ ದಳಗಳು ಹುಟ್ಟಿದವು. ಅವುಗಳಲ್ಲಿ ಒಂದು ಪುಣೆಯ ಖಡಕಿಯಲ್ಲಿ. ಬ್ರಿಟಿಷರು ಕಿರ್ಕಿ ಎಂದು ಬರೆಯುತ್ತಿದ್ದ ಸೇನಾ ಬಡಾವಣೆಯಲ್ಲಿ. ಹುಡುಗಿಯರ ಮೊದಲ ಗೈಡ್ ಕಂಪನಿ 1911ರಲ್ಲಿ ಜಬಲ್ಪುರದಲ್ಲಿ ಆರಂಭವಾಯಿತು.

ಆದರೆ ಈ ದಳಗಳಲ್ಲಿ ನಮ್ಮ ಮಕ್ಕಳಿರಲಿಲ್ಲ. ಐರೋಪ್ಯರ ಮಕ್ಕಳಿಗೆ, ಆಂಗ್ಲೋ ಇಂಡಿಯನ್ ಮಕ್ಕಳಿಗೆ ಮಾತ್ರ ಪ್ರವೇಶ. ನೆಲ ನಮ್ಮದು, ಮರ ನಮ್ಮದು, ಡೇರೆ ಹೊಡೆದ ಮೈದಾನ ನಮ್ಮದು. ಶಿಬಿರಾಗ್ನಿಯ ಸುತ್ತ ಕೂರುವ ಹಕ್ಕು ಮಾತ್ರ ನಮ್ಮದಲ್ಲ. ಭಾರತದ ಹುಡುಗನೊಬ್ಬ ಗಂಟು ಹಾಕಲು, ದಿಕ್ಕು ಗುರುತಿಸಲು, ಗಾಯಕ್ಕೆ ಪಟ್ಟಿ ಕಟ್ಟಲು ಕಲಿತರೆ ಸಾಮ್ರಾಜ್ಯಕ್ಕೆ ಏನು ಕೇಡು ಎಂದು ಕೇಳಿದವರು ಸುಮ್ಮನೆ ಕೂರಲಿಲ್ಲ. 1916ರಲ್ಲಿ ಆನಿ ಬೆಸೆಂಟ್ ಮದ್ರಾಸಿನಲ್ಲಿ ಜಾರ್ಜ್ ಅರುಂಡೇಲರ ಜೊತೆಗೂಡಿ ಭಾರತೀಯ ಮಕ್ಕಳಿಗೆಂದೇ ಸ್ಕೌಟ್ ಸಂಘ ಕಟ್ಟಿದರು. ಉತ್ತರದಲ್ಲಿ ಮದನ ಮೋಹನ ಮಾಳವೀಯ, ಹೃದಯನಾಥ ಕುಂಜ್ರು, ಶ್ರೀರಾಮ ಬಾಜಪೇಯಿ ಸೇವಾ ಸಮಿತಿಯ ಹೆಸರಿನಲ್ಲಿ ಅದೇ ಕೆಲಸ ಮಾಡಿದರು. ನಮ್ಮ ಮೈಸೂರು ಸಂಸ್ಥಾನವೂ ತನ್ನದೇ ಸ್ಕೌಟ್ ಸಂಸ್ಥೆ ಕಟ್ಟಿಕೊಂಡಿತು. 1921ರಲ್ಲಿ ಬೇಡನ್ ಪೊವೆಲ್ ಭಾರತಕ್ಕೆ ಬಂದಾಗ ಬೆಸೆಂಟರ ಸಂಘ ಮೂಲ ಚಳವಳಿಯೊಡನೆ ಕೂಡಿತು. ಸ್ವಾತಂತ್ರ್ಯ ಬಂದ ಮೇಲೆ, 1950ರ ನವೆಂಬರ್ 7ರಂದು ಬೇರೆ ಬೇರೆ ಸ್ಕೌಟ್ ಸಂಘಗಳು ಒಂದಾದವು. 1951ರ ಆಗಸ್ಟ್ 15ರಂದು ಗೈಡ್ ಸಂಘವೂ ಸೇರಿತು. ಇಂದಿನ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆ ರೂಪು ತಳೆದದ್ದು ಹೀಗೆ.

ಖಡಕಿಗೂ ವಿಶ್ರಾಂತವಾಡಿಗೂ ನಡುವೆ ಇರುವುದು ಮುಳಾ ನದಿ, ಕೆಲವೇ ಕಿಲೋಮೀಟರ್ ದಾರಿ. ನದಿಯ ಒಂದು ಬದಿಗೆ, ನಮ್ಮ ಮಕ್ಕಳಿಗೆ ಪ್ರವೇಶವಿಲ್ಲದ ದಳವೊಂದು ಶತಮಾನದ ಹಿಂದೆ ಕವಾಯತು ಮಾಡುತ್ತಿತ್ತು. ಇನ್ನೊಂದು ಬದಿಗೆ, ಅದಾಗಿ ಅರ್ಧ ಶತಮಾನ ಕಳೆದ ಮೇಲೆ, ಜಗತ್ತಿನ ಯಾವ ಹುಡುಗಿಯೂ ಬಂದು ಉಳಿಯಬಹುದಾದ ಮನೆ ಎದ್ದಿತು. ಈ ಎರಡು ದಡಗಳ ನಡುವಿನ ದೂರವೇ ನಮ್ಮ ಚಳವಳಿಯ ಇತಿಹಾಸ.

ಪುಣೆಯ ಮಣ್ಣಿನ ಗುಣ

ಹೆಣ್ಣುಮಕ್ಕಳ ಮನೆ ಕಟ್ಟಲು ಪುಣೆಗಿಂತ ಒಪ್ಪುವ ಊರು ಸಿಗುವುದು ಕಷ್ಟ. 1848ರಲ್ಲಿ ಸಾವಿತ್ರಿಬಾಯಿ ಫುಲೆ ಮತ್ತು ಜೋತಿಬಾ ಫುಲೆ ಭಿಡೆ ವಾಡೆಯಲ್ಲಿ ಹುಡುಗಿಯರಿಗೆ ಶಾಲೆ ತೆರೆದದ್ದು ಇಲ್ಲಿ. ಧೋಂಡೊ ಕೇಶವ ಕರ್ವೆ 1916ರಲ್ಲಿ ಮಹಿಳಾ ವಿಶ್ವವಿದ್ಯಾಲಯ ಆರಂಭಿಸಿದ್ದೂ ಇಲ್ಲಿ. ಫುಲೆ ದಂಪತಿಗೂ ಕರ್ವೆಗೂ ನಡುವೆ ನಿಂತ ಪಂಡಿತಾ ರಮಾಬಾಯಿ ನಮ್ಮ ನಾಡಿನ ಕೂಸು. ತುಂಗೆ, ಭದ್ರೆಯರು ಹುಟ್ಟುವ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದವರು. ಅವರ ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಬಳಿಯ ಮಾಳದವರು. ಹೆಂಡತಿಗೆ ಸಂಸ್ಕೃತ ಕಲಿಸಿದ್ದಕ್ಕಾಗಿ ಊರವರ ವಿರೋಧ ಕಟ್ಟಿಕೊಂಡವರು. ರಮಾಬಾಯಿ 1882ರಲ್ಲಿ ಪುಣೆಯಲ್ಲಿ ಆರ್ಯ ಮಹಿಳಾ ಸಮಾಜ ಕಟ್ಟಿದರು. ಮುಂಬಯಿಯಲ್ಲಿ ಆರಂಭಿಸಿದ ಶಾರದಾ ಸದನವನ್ನು ಮುಂದೆ ಪುಣೆಗೇ ತಂದರು.

ಊರೂರು ಅಲೆದು, ತಂದೆತಾಯಿಯನ್ನು ಹಸಿವಿಗೆ ಕಳೆದುಕೊಂಡು, ಕಾಲ್ನಡೆಯಲ್ಲಿಯೇ ದೇಶ ಕಂಡ ಆ ಹುಡುಗಿಗೆ ಯಾವ ಶಿಬಿರವೂ ಧೈರ್ಯ ಕಲಿಸಿರಲಿಲ್ಲ. ಮಲೆನಾಡಿನ ಕಾಡೇ ಅವರ ಮೊದಲ ಪಾಠಶಾಲೆ. ನಮ್ಮ ಗೈಡ್ ಹುಡುಗಿಯರು ಸಂಗಮಕ್ಕೆ ಹೋಗುವಾಗ ಈ ಮಾತು ತಿಳಿದಿರಲಿ: ಕನ್ನಡ ನೆಲದ ಒಬ್ಬಳು ಹೆಣ್ಣುಮಗಳು ಅವರಿಗಿಂತ ಎಷ್ಟೋ ಮೊದಲು ಈ ಊರಿಗೆ ಬಂದು, ನಿರ್ಗತಿಕ ಹೆಣ್ಣುಮಕ್ಕಳಿಗೆ ಮನೆ ಕಟ್ಟಿಕೊಟ್ಟಿದ್ದಾಳೆ.

ಬಾಗಿಲು ತೆರೆದ ಭಾನುವಾರ

ಗೈಡ್ ಚಳವಳಿಯ ವಿಶ್ವ ಸಂಸ್ಥೆ ಹುಟ್ಟಿದ್ದು 1928ರಲ್ಲಿ, ಹಂಗೇರಿಯ ಪಾರಾದ್‌ನಲ್ಲಿ. ನಾನಾ ದೇಶದ ಹುಡುಗಿಯರು ಒಂದೇ ಸೂರಿನಡಿ ಕಲೆಯುವ ಮನೆಗಳು ಬೇಕು ಎಂಬ ಆಸೆ ಆಮೇಲೆ ಬೆಳೆಯಿತು. ಅಮೆರಿಕದ ಹೆಲೆನ್ ಸ್ಟಾರೊ ಕೊಟ್ಟ ನೆರವಿನಿಂದ 1932ರಲ್ಲಿ ಸ್ವಿಟ್ಜರ್ಲೆಂಡಿನ ಆಡೆಲ್‌ಬೋಡೆನ್ ಕಣಿವೆಯಲ್ಲಿ 'ಅವರ್ ಶಾಲೆ' ಎಂಬ ಮರದ ಮನೆ ಎದ್ದಿತು. 1939ರಲ್ಲಿ ಲಂಡನ್ನಿನಲ್ಲಿ 'ಅವರ್ ಆರ್ಕ್' ಬಂತು. ಮುಂದೆ ಅದರ ಪರಂಪರೆಯನ್ನು ಪ್ಯಾಕ್ಸ್ ಲಾಡ್ಜ್ ಮುಂದುವರಿಸಿತು. 1957ರಲ್ಲಿ ಮೆಕ್ಸಿಕೋದ ಕ್ವೆರ್ನಾವಾಕದಲ್ಲಿ 'ಅವರ್ ಕಬಾನ್ಯಾ' ತೆರೆಯಿತು. ಯುರೋಪಿಗೆ ಎರಡು, ಅಮೆರಿಕ ಖಂಡಕ್ಕೆ ಒಂದು. ಏಷ್ಯಾಕ್ಕೂ ಒಂದು ಬೇಕೆಂಬ ಮಾತು, ಮೆಕ್ಸಿಕೋದ ಮನೆ ತೆರೆಯುವ ಮುನ್ನವೇ, 1956ರಲ್ಲಿ ನವದೆಹಲಿಯಲ್ಲಿ ನಡೆದ ಗೈಡ್ ಕೂಟದಲ್ಲಿ ಮೊಳೆಯಿತು. ಮಾತು ಮನೆಯಾಗಲು ಹತ್ತು ವರ್ಷ ಹಿಡಿಯಿತು.

1966ರ ಅಕ್ಟೋಬರ್ 16 ಭಾನುವಾರ. ವಿಶ್ವ ಚೀಫ್ ಗೈಡ್ ಓಲೇವ್ ಬೇಡನ್ ಪೊವೆಲ್ ಪುಣೆಗೆ ಬಂದು ಸಂಗಮವನ್ನು ಉದ್ಘಾಟಿಸಿದರು. ಅವರಿಗಾಗ ಎಪ್ಪತ್ತೇಳು ವರ್ಷ. ಪತಿ ತೀರಿಕೊಂಡು ಕಾಲು ಶತಮಾನವಾಗಿತ್ತು. 1930ರಲ್ಲಿ ಹೊತ್ತ ಹೊಣೆಯನ್ನು ಇಳಿಸದೆ ಊರೂರು ಸುತ್ತುತ್ತಲೇ ಇದ್ದರು. ಆ ಹೊತ್ತಿಗೆ ಭಾರತ್ ಸ್ಕೌಟ್ಸ್ ಮತ್ತು ಗೈಡ್ಸ್ ಸಂಸ್ಥೆಯ ರಾಷ್ಟ್ರೀಯ ಆಯುಕ್ತರಾಗಿದ್ದವರು ಲಕ್ಷ್ಮಿ ಮಜುಂದಾರ್. 1969ರಲ್ಲಿ ವಿಶ್ವ ಸ್ಕೌಟ್ ಸಂಸ್ಥೆಯ ಅತ್ಯುನ್ನತ ಗೌರವವಾದ ಬ್ರಾಂಜ್ ವುಲ್ಫ್ ಅವರಿಗೆ ಸಂದಿತು. ದೇಶದ ಚಳವಳಿಯ ಚುಕ್ಕಾಣಿ ಹಿಡಿದಿದ್ದ ಹೆಣ್ಣುಮಗಳೊಬ್ಬರು ಆತಿಥೇಯರಾಗಿ ನಿಂತಿರುವಾಗ ಹೆಣ್ಣುಮಕ್ಕಳ ಈ ಮನೆ ಬಾಗಿಲು ತೆರೆಯಿತು ಎಂಬುದು ನಾವು ಹೆಮ್ಮೆಯಿಂದ ಬರೆದಿಡಬೇಕಾದ ಸಂಗತಿ.

ಹೆಸರಿನ ಬಗ್ಗೆ ಕನ್ನಡಿಗರಿಗೆ ಯಾರೂ ವಿವರಿಸಿ ಹೇಳಬೇಕಿಲ್ಲ. ಕೃಷ್ಣೆ ಮಲಪ್ರಭೆಯರು ಕೂಡುವ ಕೂಡಲಸಂಗಮ, ಕಾವೇರಿ ಕಪಿಲೆಯರು ಕೂಡುವ ತಿರುಮಕೂಡಲು, ಭೀಮೆ ಅಮರ್ಜೆಯರು ಕೂಡುವ ಗಾಣಗಾಪುರ ನಮ್ಮ ಬಾಯಲ್ಲಿ ದಿನವೂ ಇರುವ ಊರುಗಳು. ಪುಣೆಯ ನಡುವೆಯೂ ಮುಳಾ, ಮುಠಾ ನದಿಗಳು ಕೂಡುತ್ತವೆ. ಸಂಗಮದಲ್ಲಿ ನದಿ ತನ್ನ ಹೆಸರನ್ನಾದರೂ ಬಿಟ್ಟುಕೊಡಬಹುದು, ನೀರನ್ನು ಬಿಟ್ಟುಕೊಡುವುದಿಲ್ಲ. ಬೇರೆ ಬೇರೆ ದೇಶದ ಹುಡುಗಿಯರು ಕೂಡುವ ಮನೆಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕೆ?

ಅಂಗಳದಲ್ಲಿ ಕಾಣುವುದು

ಸಂಗಮದ ಆವರಣದಲ್ಲಿ ಕಣ್ಣು ಕೋರೈಸುವ ಸ್ಮಾರಕಗಳಿಲ್ಲ. ಗೈಡ್ ಚಳವಳಿಯ ಲಾಂಛನವಾದ ಮೂರೆಸಳಿನ ಟ್ರಿಫಾಯಿಲ್ ಇದೆ. ಆ ಮೂರು ಎಸಳು ಗೈಡ್ ಪ್ರತಿಜ್ಞೆಯ ಮೂರು ಭಾಗಗಳು. ಪ್ರತಿಜ್ಞೆ ಸ್ವೀಕರಿಸುವ ದಿನ ಮೂರು ಬೆರಳೆತ್ತಿ ಸೆಲ್ಯೂಟ್ ಮಾಡಿದ ಪ್ರತಿ ಹುಡುಗಿಗೂ ಅದರ ಅರ್ಥ ಗೊತ್ತು. ವಿಶ್ವ ಧ್ವಜ ಹಾರುತ್ತದೆ. ಮಲಗುವ ಕೋಣೆಗಳಿವೆ, ಸಭಾಂಗಣವಿದೆ, ಊಟದ ಮನೆಯಿದೆ, ಬಿಸಿಲೂರಿಗೆ ಬೇಕಾದ ಈಜುಕೊಳವಿದೆ, ಡೇರೆ ಹೊಡೆಯಲು ಬಯಲಿದೆ. ಸುತ್ತ ನಗರ ಬೆಳೆದು ನಿಂತಿದೆ. ಗೇಟಿನಾಚೆ ಬಸ್ಸು ಆಟೋಗಳ ಸದ್ದು ನಿಲ್ಲುವುದಿಲ್ಲ.

ಅಲ್ಲಿ ನಿಜವಾಗಿ ನೋಡಬೇಕಾದದ್ದು ಕಲಿಕೆಯ ಕ್ರಮ. ಹೊರದೇಶದ ಹುಡುಗಿ ಸೀರೆ ಉಡಲು ಕಲಿಯುತ್ತಾಳೆ, ಕೈಗೆ ಮೆಹಂದಿ ಹಾಕಿಸಿಕೊಳ್ಳುತ್ತಾಳೆ, ಚಪಾತಿ ಲಟ್ಟಿಸುತ್ತಾಳೆ. ಪುಣೆಯ ತುಳಶೀಬಾಗ್ ಪೇಟೆಯ ಸಂದಣಿಯಲ್ಲಿ ಬಳೆ ಅಂಗಡಿ ಎಲ್ಲಿ, ಹಿತ್ತಾಳೆ ಪಾತ್ರೆ ಎಲ್ಲಿ ಎಂದು ಹುಡುಕುತ್ತಾಳೆ. ನಾವು ಹೈಕ್‌ಗೆ ಹೋದಾಗ ಮರದ ಮೇಲಿನ ಬಾಣದ ಗುರುತು ನೋಡಿ ದಾರಿ ಹಿಡಿಯುತ್ತೇವಲ್ಲ, ಪೇಟೆಯಲ್ಲಿ ಅವಳು ಮಾಡುವುದೂ ಅದೇ. ಕಾಡಿನಲ್ಲಿ ಕಲಿತ ವಿದ್ಯೆಯನ್ನು ಜನಸಂದಣಿಯಲ್ಲಿ ಒರೆಗೆ ಹಚ್ಚುವುದು.

ಕೆಲವರು ಇನ್ನೂ ಹೆಚ್ಚು ದಿನ ಉಳಿಯುತ್ತಾರೆ. ಪುಣೆಯ ಹೆಂಗಸರ, ಮಕ್ಕಳ ನಡುವೆ ದುಡಿಯುವ ಸ್ವಯಂಸೇವಾ ಸಂಸ್ಥೆಗಳ ಜೊತೆ ವಾರಗಟ್ಟಲೆ ಕೆಲಸ ಮಾಡುತ್ತಾರೆ. ಈ ಸ್ವಯಂಸೇವಕಿಯರನ್ನು ಸಂಗಮದಲ್ಲಿ 'ತಾರೆ' ಎಂದು ಕರೆಯುತ್ತಾರೆ. ಹಿಂದಿಯಲ್ಲೂ ಕನ್ನಡದಲ್ಲೂ ಅದು ನಕ್ಷತ್ರವೇ. ಬೇರೆ ದೇಶದವಳು ಬಂದು ಉದ್ಧಾರ ಮಾಡಿ ಹೋದಳು ಎಂಬ ಭಾವಕ್ಕೆ ಅಲ್ಲಿ ಎಡೆಯಿರಬಾರದು. ಕಲಿಸಲು ಬಂದವಳೇ ಕಲಿತು ಹೋಗುವಂತಾದರೆ ಮಾತ್ರ ಸೇವೆ ಎಂಬ ಮಾತಿಗೆ ಗೌರವ.

ಗೇಟಿನಾಚೆಯ ಪಾಠಗಳು

ಸಂಗಮದಿಂದ ಕೆಲವೇ ಕಿಲೋಮೀಟರ್ ಆಚೆ ಯೆರವಡಾ ಸೆರೆಮನೆ. ಗಾಂಧೀಜಿ ಅಲ್ಲಿ ಉಪವಾಸ ಕುಳಿತಿದ್ದಾಗಲೇ 1932ರ ಸೆಪ್ಟೆಂಬರ್ 24ರಂದು ಪುಣೆ ಒಪ್ಪಂದಕ್ಕೆ ಸಹಿ ಬಿತ್ತು. ನಗರ ರಸ್ತೆಯಲ್ಲಿ ಆಗಾ ಖಾನ್ ಅರಮನೆಯಿದೆ. 'ಭಾರತ ಬಿಟ್ಟು ತೊಲಗಿ' ಕರೆಯ ನಂತರ ಗಾಂಧೀಜಿ, ಕಸ್ತೂರಬಾ, ಮಹಾದೇವ ದೇಸಾಯಿ, ಸರೋಜಿನಿ ನಾಯ್ಡು ಅವರನ್ನು ಬಂಧಿಸಿಟ್ಟಿದ್ದ ಮನೆ ಅದು. ಅಲ್ಲಿಗೆ ಬಂದ ಆರೇ ದಿನಕ್ಕೆ, 1942ರ ಆಗಸ್ಟ್ 15ರಂದು ಮಹಾದೇವ ದೇಸಾಯಿ ತೀರಿಕೊಂಡರು. ಕಸ್ತೂರಬಾ ಕಣ್ಣು ಮುಚ್ಚಿದ್ದು 1944ರ ಫೆಬ್ರವರಿ 22ರಂದು. ಇಬ್ಬರ ಸಮಾಧಿಯೂ ಆ ಆವರಣದಲ್ಲಿಯೇ ಇದೆ.

ಫೆಬ್ರವರಿ 22 ಎಂದೊಡನೆ ಯಾವ ಗೈಡಿಗಾದರೂ ಮೈ ಜುಮ್ಮೆನ್ನಬೇಕು. ಅದು ವಿಶ್ವ ಚಿಂತನಾ ದಿನ. ಬೇಡನ್ ಪೊವೆಲ್ ಮತ್ತು ಓಲೇವ್, ಗಂಡಹೆಂಡಿರಿಬ್ಬರೂ ಹುಟ್ಟಿದ ತಾರೀಖು ಒಂದೇ; 1857ರಲ್ಲಿ ಅವರು, 1889ರಲ್ಲಿ ಇವರು. 1926ರಲ್ಲಿ ಅಮೆರಿಕದ ಎಡಿತ್ ಮೇಸಿ ಶಿಬಿರದಲ್ಲಿ ಸೇರಿದ ಗೈಡ್ ಸಮ್ಮೇಳನ ಆ ದಿನವನ್ನು ಜಗತ್ತಿನ ಗೈಡರೆಲ್ಲ ಒಬ್ಬರನ್ನೊಬ್ಬರು ನೆನೆಯುವ ದಿನವೆಂದು ಗೊತ್ತುಮಾಡಿತು. ಹುಟ್ಟುಹಬ್ಬವೆಂದ ಮೇಲೆ ಉಡುಗೊರೆಯೂ ಬೇಡವೇ ಎಂಬ ಮಾತು 1932ರಲ್ಲಿ ಪೋಲೆಂಡಿನ ಸಮ್ಮೇಳನದಲ್ಲಿ ಬಂತು. ಅಂದಿನಿಂದ ಹುಡುಗಿಯರು ಚಿಲ್ಲರೆ ಕಾಸು ಕೂಡಿಸಿ ವಿಶ್ವನಿಧಿಗೆ ಕೊಡುತ್ತ ಬಂದಿದ್ದಾರೆ. ಚಿಂತನಾ ದಿನ ಆಚರಿಸುವ ನಮ್ಮ ಹುಡುಗಿಯರು ಅದೇ ದಿನ ಆಗಾ ಖಾನ್ ಅರಮನೆಯಲ್ಲಿರುವ ಕಸ್ತೂರಬಾ ಸಮಾಧಿಯನ್ನೂ ನೆನೆಯಲಿ. ಅಕ್ಷರ ಕಲಿಯಲು ಚಿಕ್ಕಂದಿನಲ್ಲಿ ಅವಕಾಶ ಸಿಗದ, ಆದರೂ ಹೋರಾಟದಲ್ಲಿ ಸೆರೆಮನೆಗೆ ಹೆದರದ ಆ ತಾಯಿಯ ನೆನಪು ಚಿಂತನಾ ದಿನದ ಅರ್ಥವನ್ನು ಹಿಗ್ಗಿಸುತ್ತದೆ.

ಹಳೆಯ ಶಿಬಿರಗಳು ಕಲಿಸುವುದು

ಶಿಬಿರದ ನೆಲವನ್ನು ಹೇಗೆ ಕಾಪಾಡಿಕೊಳ್ಳಬೇಕೆಂದು ತಿಳಿಯಲು ಒಮ್ಮೆ ಲಂಡನ್ನಿನ ಅಂಚಿನ ಗಿಲ್ವೆಲ್ ಪಾರ್ಕಿನತ್ತ ನೋಡಬೇಕು. ವಿಲಿಯಂ ಡಿ ಬೋಯ್ಸ್ ಮೆಕ್‌ಲಾರೆನ್ ಎಂಬ ಉದಾರಿ ಅದನ್ನು ಕೊಳ್ಳಲು 7,000 ಪೌಂಡ್ ಕೊಟ್ಟು, ಹಾಳುಬಿದ್ದಿದ್ದ ಮನೆಯ ದುರಸ್ತಿಗೆ ಮತ್ತೆ 3,000 ಪೌಂಡ್ ಕೊಟ್ಟರು. 1919ರ ಜುಲೈಯಲ್ಲಿ ಅದು ಸ್ಕೌಟರಿಗೆ ತೆರೆಯಿತು. ಸೆಪ್ಟೆಂಬರಿನಲ್ಲಿ ಫ್ರಾನ್ಸಿಸ್ ಗಿಡ್ನಿಯವರ ಮುಂದಾಳತ್ವದಲ್ಲಿ ದಳ ನಡೆಸುವವರಿಗೆ ಕೊಡುವ ವುಡ್ ಬ್ಯಾಡ್ಜ್ ತರಬೇತಿ ಮೊದಲ ಸಲ ನಡೆಯಿತು. ಶಿಬಿರದ ದ್ವಾರದಲ್ಲಿ ಡಾನ್ ಪಾಟರ್ ಕೆತ್ತಿದ ಚಿರತೆಗಳಿವೆ. ಎರಡನೆಯ ಮಹಾಯುದ್ಧದಲ್ಲಿ ಬಾಂಬು ಬಿದ್ದು ಆದ ಗುಂಡಿಯನ್ನು ಮುಚ್ಚದೆ ನೀರು ತುಂಬಲು ಬಿಟ್ಟರು. ಮಕ್ಕಳು ಅದರಲ್ಲಿ ದೋಣಿ ನಡೆಸಿದರು. ಅಲ್ಲೊಂದು ಕಂಚಿನ ಕಾಡೆಮ್ಮೆಯಿದೆ. 1909ರಲ್ಲಿ ಲಂಡನ್ನಿನ ಮಂಜಿನಲ್ಲಿ ದಾರಿ ತಪ್ಪಿದ ಅಮೆರಿಕದವನೊಬ್ಬನಿಗೆ ದಾರಿ ತೋರಿಸಿ, ಕೊಟ್ಟ ಕಾಸನ್ನು ಬೇಡವೆಂದ ಹೆಸರಿಲ್ಲದ ಸ್ಕೌಟ್ ಹುಡುಗನ ನೆನಪಿಗೆ ಅಮೆರಿಕದ ಸ್ಕೌಟರು ಕೊಟ್ಟ ಕಾಣಿಕೆ ಅದು. ಬೆಂಗಳೂರಿನಲ್ಲಿ ಬೇಕರ್ ದಳ ಕಟ್ಟಿದ ವರ್ಷವೂ 1909.

ಗಿಲ್ವೆಲ್ ಹೇಳುವುದಿಷ್ಟು: ಪ್ರತಿ ಗುರುತಿಗೂ ಒಂದು ಕಥೆ ಇರಬೇಕು, ಆ ಕಥೆಯನ್ನು ಪ್ರತಿ ಶಿಬಿರದಲ್ಲೂ ಹೇಳಬೇಕು. ಹೇಳುವವರಿಲ್ಲದಿದ್ದರೆ ಕಂಚಿನ ಕಾಡೆಮ್ಮೆ ಬರೀ ಲೋಹ.

ಗಿಲ್ವೆಲ್‌ನ ತರಬೇತಿ ನಮ್ಮ ದೇಶದಲ್ಲಿ ಹಿಮಾಲಯ ವುಡ್ ಬ್ಯಾಡ್ಜ್ ಎಂಬ ಹೆಸರು ಪಡೆಯಿತು. ಪಚಮಢಿಯ ಸಾತಪುಡಾ ಬೆಟ್ಟಗಳ ನಡುವೆ ರಾಷ್ಟ್ರೀಯ ತರಬೇತಿ ಕೇಂದ್ರವಿದೆ. ಆ ತರಬೇತಿಯ ಗುರುತಾಗಿ ಕೊರಳಲ್ಲಿ ಎರಡು ಮಣಿ ಕಟ್ಟಿಕೊಂಡ ನಮ್ಮ ಎಷ್ಟೋ ಶಿಕ್ಷಕ ಶಿಕ್ಷಕಿಯರು ಪಚಮಢಿಯ ಚಳಿಯ ಮಾತು ಬಂದರೆ ಕಣ್ಣರಳಿಸುತ್ತಾರೆ. ನಮ್ಮ ರಾಜ್ಯದಲ್ಲಿ ದೊಡ್ಡಬಳ್ಳಾಪುರದ ಶಿಬಿರತಾಣ ಡಾ. ಆನಿ ಬೆಸೆಂಟ್ ಹೆಸರು ಹೊತ್ತಿದೆ. ಮುಚ್ಚಿದ ಬಾಗಿಲನ್ನು ತಟ್ಟಿದವರ ಹೆಸರನ್ನೇ ಶಿಬಿರಕ್ಕೆ ಇಟ್ಟ ನಮ್ಮ ಹಿರಿಯರ ವಿವೇಕ ದೊಡ್ಡದು. ದಾವಣಗೆರೆ ಸಮೀಪದ ಕೊಂಡಜ್ಜಿಯಲ್ಲಿ ಕೆರೆಯೂ ಗುಡ್ಡವೂ ಕುರುಚಲು ಕಾಡೂ ಸೇರಿ ಶಿಬಿರಕ್ಕೆಂದೇ ಮಾಡಿದಂತಿವೆ. ಸ್ವಾತಂತ್ರ್ಯ ಹೋರಾಟಗಾರರೂ ಸಚಿವರೂ ಆಗಿದ್ದ ಕೊಂಡಜ್ಜಿ ಬಸಪ್ಪನವರ ಹೆಸರು ಆ ನೆಲದ ಜೊತೆ ಬೆರೆತಿದೆ. 2022ರ ಡಿಸೆಂಬರಿನಲ್ಲಿ ಮೂಡುಬಿದಿರೆಯಲ್ಲಿ ನಡೆದ ಅಂತಾರಾಷ್ಟ್ರೀಯ ಸಾಂಸ್ಕೃತಿಕ ಜಾಂಬೂರಿಗೆ ಸಾವಿರಾರು ಮಕ್ಕಳು ಬಂದರು. ಅವರಲ್ಲಿ ಮನೆ ಬಿಟ್ಟು ಮೊದಲ ಸಲ ಹೊರಗೆ ಮಲಗಿದ ಹುಡುಗಿಯರು ಎಷ್ಟೋ ಮಂದಿ. ಮಗಳನ್ನು ಕಳಿಸಲು ಹೆದರುವ ತಾಯಿಗೆ 'ನಾನಿದ್ದೇನೆ, ಕಳಿಸಿಕೊಡಿ ಅಮ್ಮಾ' ಎಂದು ಮನೆ ಬಾಗಿಲಿಗೆ ಹೋಗಿ ಹೇಳುವ ಗೈಡ್ ಶಿಕ್ಷಕಿಯರಿಂದಲೇ ಈ ಚಳವಳಿ ಉಳಿದಿದೆ. ಅವರ ಹೆಸರು ಯಾವ ಫಲಕದಲ್ಲೂ ಇರುವುದಿಲ್ಲ.

ಆದ್ದರಿಂದ ಜಿಲ್ಲೆ ಜಿಲ್ಲೆಯ ಶಿಬಿರಗಳನ್ನು ನಡೆಸುವವರಲ್ಲಿ ನನ್ನದೊಂದು ಬಿನ್ನಹ. ನಿಮ್ಮ ಶಿಬಿರತಾಣದ ಆಲದ ಮರ ಯಾವುದು, ಬಾವಿ ತೋಡಿಸಿದವರು ಯಾರು, ಶಿಬಿರಾಗ್ನಿಯ ಕಟ್ಟೆಗೆ ಕಲ್ಲು ಹೊತ್ತವರು ಯಾವ ಶಾಲೆಯ ಮಕ್ಕಳು ಎಂದು ಈಗಲೇ ಒಂದು ವಹಿಯಲ್ಲಿ ಬರೆದಿಡಿ. ಗೊತ್ತಿದ್ದ ಹಿರಿಯರು ಇರುವಾಗಲೇ ಕೇಳಿ ಬರೆದುಕೊಳ್ಳಿ. ನಮ್ಮ ಮುಂದಿನ ಸ್ಮರಣ ಸಂಚಿಕೆಗಳಿಗೆ ಅದೇ ಮೂಲಧನ.

ಭೀಮೆಯ ದಾರಿ

ಸಂಗಮದ ಸಮೀಪ ಹರಿಯುವ ಮುಳಾ ನದಿ ಪುಣೆಯ ನಡುವೆ ಮುಠೆಯನ್ನು ಕೂಡಿಕೊಂಡು ಮುಳಾಮುಠಾ ಆಗುತ್ತದೆ. ಪುಣೆ ಜಿಲ್ಲೆಯಲ್ಲಿಯೇ ಭೀಮೆಗೆ ಸೇರುತ್ತದೆ. ಭೀಮೆ ಪಂಢರಪುರದಲ್ಲಿ ಚಂದ್ರಭಾಗೆಯಾಗಿ ಬಾಗಿ, ವಿಠ್ಠಲನ ಪಾದದ ಬಳಿ ಹಾದು, ನಮ್ಮ ಇಂಡಿ, ಅಫಜಲಪುರ ಸೀಮೆಗೆ ಇಳಿಯುತ್ತದೆ. ಗಾಣಗಾಪುರ ದಾಟಿ, ಬೌದ್ಧ ಸ್ತೂಪದ ಸನ್ನತಿ ದಾಟಿ, ರಾಯಚೂರಿನ ಬಳಿ ಕೃಷ್ಣೆಯಲ್ಲಿ ಬೆರೆಯುತ್ತದೆ. ಆಳಂದಿಯ ಜ್ಞಾನೇಶ್ವರರೇ ವಿಠ್ಠಲನನ್ನು ಕನ್ನಡದವನೆಂದು ಕರೆದು ಹಾಡಿದ್ದಾರೆ. ದಾರಿ ಅತ್ತಲಿಂದ ಇತ್ತಲೂ ಇದೆ, ಇತ್ತಲಿಂದ ಅತ್ತಲೂ ಇದೆ.

ಈ ನದಿಯ ದಾರಿಯಲ್ಲಿರುವ ಸರ್ಕಾರಿ ಶಾಲೆಗಳಲ್ಲಿಯೂ ಆಕಾಶನೀಲಿ ಸಮವಸ್ತ್ರ ತೊಟ್ಟು ಧ್ವಜವಂದನೆಗೆ ನಿಲ್ಲುವ ಹುಡುಗಿಯರಿದ್ದಾರೆ. ಪುಣೆ ಅವರಿಗೆ ಒಂದು ರಾತ್ರಿಯ ರೈಲು ಪ್ರಯಾಣದಷ್ಟೇ ದೂರ. ಆದರೆ ಜಗತ್ತಿನ ಇನ್ನೊಂದು ತುದಿಯ ಹುಡುಗಿ ಸುಲಭವಾಗಿ ತಲುಪುವ ಸಂಗಮವನ್ನು ಅಫಜಲಪುರದ ಹುಡುಗಿ ಒಮ್ಮೆಯೂ ಕಾಣದೆ ಶಾಲೆ ಮುಗಿಸುವುದುಂಟು. 1909ರಲ್ಲಿ ಮುಚ್ಚಿದ್ದ ಬಾಗಿಲಿಗೆ ಬಣ್ಣ ಕಾರಣವಾಗಿತ್ತು. ಇಂದು ಬಾಗಿಲು ತೆರೆದೇ ಇದೆ. ಅಡ್ಡವಿರುವುದು ಟಿಕೆಟ್ಟಿನ ದುಡ್ಡು, ಕರೆದೊಯ್ಯುವವರ ಕೊರತೆ, ಹೆಣ್ಣುಮಗಳನ್ನು ಅಷ್ಟು ದೂರ ಕಳಿಸುವುದೇ ಎಂಬ ಅಂಜಿಕೆ. ಅರವತ್ತರ ಈ ಹೊತ್ತಿನಲ್ಲಿ ಪ್ರತಿ ಜಿಲ್ಲೆಯೂ ಒಬ್ಬಳಾದರೂ ಹಳ್ಳಿಯ ಹುಡುಗಿಯನ್ನು ತನ್ನ ಖರ್ಚಿನಲ್ಲಿ ಸಂಗಮಕ್ಕೆ ಕಳಿಸಿದರೆ ಅದಕ್ಕಿಂತ ಮಿಗಿಲಾದ ಷಷ್ಟಿಪೂರ್ತಿ ಇಲ್ಲ.

ಶಿಬಿರ ಮುಗಿದ ಬೆಳಿಗ್ಗೆ ನಾವು ಡೇರೆ ಬಿಚ್ಚಿ, ಗೂಟ ಕಿತ್ತು, ಒಲೆಯ ಬೂದಿ ತಣಿಸಿ, ತೋಡಿದ ಗುಳಿಗಳನ್ನು ಮುಚ್ಚಿ, ನೆಲ ಕೊಟ್ಟವರಿಗೆ ಕೈಮುಗಿದು ಹೊರಡುತ್ತೇವೆ. ನಾವಿದ್ದ ಗುರುತು ಅಲ್ಲಿ ಉಳಿಯಬಾರದು ಎಂಬುದು ನಿಯಮ. ಗುರುತು ಉಳಿಯುವುದು ಮನೆಗೆ ಮರಳಿದ ಹುಡುಗಿಯಲ್ಲಿ. ಅವಳು ಊರಿಗೆ ಬಂದು, ಭೀಮೆಯ ದಡದಲ್ಲಿ ನಿಂತು, ತನ್ನ ತಂಗಿಗೆ ನೀರನ್ನು ತೋರಿಸಿ, 'ಇದು ಬರುವ ಕಡೆ ನನಗೊಂದು ಮನೆ ಇದೆ, ಮುಂದಿನ ಸಲ ನೀನೂ ಹೋಗು' ಎಂದು ಹೇಳಲಿ.